ಅಳಿಸುವ ಮೊದಲು: ಚುನಾವಣೆಗೆ ನಿಂತ ಮಹಿಳೆ ಆನ್‌ಲೈನ್ ನಿಂದನೆಯನ್ನು ಎದುರಿಸುವುದು ಹೇಗೆ

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಅಂಕೋಲಾ ಕಡೆಯ ಹಳ್ಳಿಯೊಂದರಿಂದ ನಿಂತಿದ್ದ ನನ್ನ ಚಿಕ್ಕಮ್ಮನ ಮಗಳು ಮತದಾನಕ್ಕೆ ನಾಲ್ಕು ದಿನ ಇರುವಾಗ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿದಳು. ಮೀನುಪೇಟೆಯಲ್ಲಿ ಕರಪತ್ರ ಹಂಚುವಾಗ ತೆಗೆದ ಫೋಟೊ ಒಂದಿತ್ತು. ಅದರಲ್ಲಿ ಅವಳ ಜೊತೆ ನಿಂತಿದ್ದ ನಾಲ್ವರು ಹೆಂಗಸರನ್ನು ಕತ್ತರಿಸಿ ತೆಗೆದು, ಅವಳನ್ನೂ ಊರಿನ ಒಬ್ಬ ಗುತ್ತಿಗೆದಾರನನ್ನೂ ಮಾತ್ರ ಉಳಿಸಿ, ಕೆಳಗೆ ‘ಟೆಂಡರ್ ಪಾಸ್’ ಎಂದು ಎರಡೇ ಪದ ಬರೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ಅದರ ಹಿಂದೆಯೇ ನಗುವ ಮುಖಗಳು, ಧ್ವನಿ ಸಂದೇಶಗಳು. ‘ಅಕ್ಕಾ, ಎಲ್ಲಾ ಅಳ್ಸಿ ಹಾಕ್ದೆ, ನೋಡೂಕೇ ಆಗ್ಲಿಲ್ಲ’ ಎಂದಳು. ಅವಳು ಅಳಿಸಿದ್ದರಲ್ಲಿ ನಮ್ಮ ಪುರಾವೆಯ ಅರ್ಧ ಭಾಗ ಹೋಗಿತ್ತು. ಆ ರಾತ್ರಿ ನಮಗೆ ಗೊತ್ತಿಲ್ಲದಿದ್ದ, ಆಮೇಲೆ ಒಂದೊಂದಾಗಿ ಕಲಿತ ಸಂಗತಿಗಳನ್ನು ಮುಂದೆ ಕಣಕ್ಕಿಳಿಯುವವರಿಗಾಗಿ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಾದದ್ದು 2010ರಲ್ಲಿ. ಕಾರವಾರದ ಮಾಜಾಳಿಯಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಜೊಯಿಡಾದವರೆಗೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದ ಕೈಗಳು ಪಂಚಾಯಿತಿಯ ಠರಾವಿಗೆ ಸಹಿ ಹಾಕುವುದನ್ನು ನಾವು ನೋಡಿದ್ದೇವೆ. ಕಣಕ್ಕೆ ಇಳಿದ ಗಂಡಸನ್ನು ಎದುರಾಳಿಗಳು ರಸ್ತೆ, ನೀರು, ಹಣದ ಬಗ್ಗೆ ಕೆಣಕುತ್ತಾರೆ. ಹೆಂಗಸನ್ನು ಕೆಣಕುವುದು ಅವಳ ನಡತೆಯ ಬಗ್ಗೆ, ಅವಳ ಮೈಯ ಬಗ್ಗೆ, ಅವಳ ಗಂಡನ ಬಗ್ಗೆ. ಇದು ನಮ್ಮೂರಿಗಷ್ಟೇ ಸೇರಿದ ರೋಗವಲ್ಲ. 2019ರ ಲೋಕಸಭಾ ಚುನಾವಣೆಯ ಕಾಲದಲ್ಲಿ ದೇಶದ 95 ರಾಜಕಾರಣಿ ಮಹಿಳೆಯರನ್ನು ಹೆಸರಿಸಿದ್ದ 1,14,716 ಟ್ವೀಟ್‌ಗಳನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡಿಯಾ ಪರಿಶೀಲಿಸಿದಾಗ, ಸುಮಾರು ಏಳರಲ್ಲಿ ಒಂದು ನಿಂದನೆಯದ್ದೋ ಆಕ್ಷೇಪಾರ್ಹವಾದದ್ದೋ ಆಗಿತ್ತು. ಅದು ಎಲ್ಲರಿಗೂ ಕಾಣುವ ಟ್ವಿಟರ್‌ನ ಲೆಕ್ಕ. ಊರಿನ ವಾಟ್ಸ್‌ಆ್ಯಪ್ ಗುಂಪಿನೊಳಗೆ ನಡೆಯುವುದು ಅಂಥ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಾಮಪತ್ರಕ್ಕೆ ಮೊದಲೇ

ಮೊದಲ ಕೆಲಸ ಎರಡು ನಂಬರ್ ಮಾಡಿಕೊಳ್ಳುವುದು. ಕರಪತ್ರದಲ್ಲಿ ಅಚ್ಚಾಗುವ ನಂಬರ್ ಬೇರೆ, ಮನೆಯವರೂ ಮಕ್ಕಳ ಶಾಲೆಯವರೂ ಬಳಸುವ ನಂಬರ್ ಬೇರೆ ಇರಲಿ. ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ಪ್ರಮಾಣಪತ್ರದಲ್ಲಿ ಫೋನ್ ನಂಬರನ್ನೂ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಬರೆಯಬೇಕಾಗುತ್ತದೆ, ಆ ಪ್ರಮಾಣಪತ್ರ ಸಾರ್ವಜನಿಕವಾಗಿ ಸಿಗುತ್ತದೆ. ಆದ್ದರಿಂದ ಅಲ್ಲಿ ಯಾವ ನಂಬರ್ ಕೊಡಬೇಕೆಂದು ಮೊದಲೇ ಯೋಚಿಸಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮನ್ನು ಗುಂಪಿಗೆ ಸೇರಿಸುವ ಅಧಿಕಾರವನ್ನು ನಿಮ್ಮ ಸಂಪರ್ಕದಲ್ಲಿರುವವರಿಗೆ ಮಾತ್ರ ಬಿಡಿ. ಫೇಸ್‌ಬುಕ್‌ನ ಹಳೆಯ ಕುಟುಂಬದ ಚಿತ್ರಗಳನ್ನು ಸ್ನೇಹಿತರಿಗಷ್ಟೇ ಕಾಣುವಂತೆ ಮಾಡಿ, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಇವೆಲ್ಲ ಅರ್ಧ ಗಂಟೆಯ ಕೆಲಸ.

ಇನ್ನೊಂದು ಕೆಲಸಕ್ಕೆ ಹೆಚ್ಚು ಯೋಚನೆ ಬೇಕು. ಪ್ರಚಾರದ ಫೋನನ್ನು ಅಭ್ಯರ್ಥಿಯ ಕೈಯಲ್ಲಿ ಬಿಡದೆ, ಅವಳು ನಂಬುವ ಒಬ್ಬರ ಕೈಗೆ ಕೊಡುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಅವರು ಬಂದ ಸಂದೇಶಗಳನ್ನು ನೋಡಿ, ಮತದಾರರ ಅಹವಾಲನ್ನು ಮಾತ್ರ ಅವಳಿಗೆ ತಲುಪಿಸಿ, ಉಳಿದದ್ದನ್ನು ಜೋಪಾನವಾಗಿ ತೆಗೆದಿಡಬೇಕು. ಬೆಳಿಗ್ಗೆಯಿಂದ ಮನೆ ಮನೆ ತಿರುಗಿ ಬಂದವಳು ರಾತ್ರಿ ಊಟಕ್ಕೆ ಕೂತಾಗ ಆ ಹೊಲಸನ್ನು ತಾನೇ ಓದಬೇಕಾದ ಅಗತ್ಯ ಯಾವುದೂ ಇಲ್ಲ.

ಸಂದೇಶ ಬಂದ ಮೊದಲ ಗಂಟೆ

ಅಳಿಸಬೇಡಿ, ಉತ್ತರಿಸಬೇಡಿ, ಗುಂಪಿನಿಂದ ಹೊರಗೆ ಬರಬೇಡಿ. ಹೊರಗೆ ಬಂದರೆ ಆಮೇಲೆ ಅಲ್ಲಿ ಏನು ನಡೆಯಿತೆಂದು ಗೊತ್ತಾಗುವುದಿಲ್ಲ. ಹಾಕಿದವರು ‘ಎಲ್ಲರಿಗೂ ಅಳಿಸು’ ಒತ್ತುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆದರೆ ನಿಂದನೆಯ ಸಾಲನ್ನಷ್ಟೇ ತೆಗೆದರೆ ಸಾಲದು. ಗುಂಪಿನ ಹೆಸರು, ಕಳುಹಿಸಿದವರ ಪೂರ್ತಿ ನಂಬರ್, ತಾರೀಖು, ಸಮಯ, ಮೇಲಿನ ಮತ್ತು ಕೆಳಗಿನ ಎರಡು ಮೂರು ಸಂದೇಶಗಳು ಎಲ್ಲ ಕಾಣಬೇಕು. ನಿಮ್ಮ ಫೋನಿನಲ್ಲಿ ಆ ನಂಬರ್ ‘ಗಣಪಣ್ಣ ಅಂಗಡಿ’ ಎಂದು ಉಳಿದುಕೊಂಡಿದ್ದರೆ ಸ್ಕ್ರೀನ್‌ಶಾಟ್‌ನಲ್ಲಿ ಆ ಹೆಸರಷ್ಟೇ ಬರುತ್ತದೆ. ಅದರ ಮೇಲೆ ಒತ್ತಿ ನಂಬರ್ ಕಾಣುವ ಪುಟದ ಚಿತ್ರವನ್ನೂ ತೆಗೆಯಬೇಕು. ಒಮ್ಮೆ ಮಾತ್ರ ನೋಡಬಹುದಾದ ಚಿತ್ರವಾದರೆ ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್‌ಗೆ ಬಿಡುವುದಿಲ್ಲ, ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯಿರಿ. ಇಷ್ಟಾದ ಮೇಲೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಳ್ಳಿ. ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂನಲ್ಲಾದರೆ ಪೋಸ್ಟಿನ ಕೊಂಡಿಯನ್ನೂ ಖಾತೆಯ ಕೊಂಡಿಯನ್ನೂ ನಕಲು ಮಾಡಿಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಕಾಣುವ ಹೆಸರು ರಾತ್ರೋರಾತ್ರಿ ಬದಲಾಗುತ್ತದೆ.

ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದ ಪ್ರಕಾರ ಕೈಯಲ್ಲಿ ಬರೆದಿಡಿ: ಯಾವಾಗ ಬಂತು, ಯಾರು ಮೊದಲು ನೋಡಿದರು, ಯಾವ ಗುಂಪಿನಲ್ಲಿ, ಆಮೇಲೆ ಇನ್ನೆಲ್ಲಿ ಕಾಣಿಸಿತು. ಜೋಡಿ ಬಾಣದ ಗುರುತಿನೊಂದಿಗೆ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂದಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಗುಂಪಿಗೆ ಹಾಕಿದವನು ಅದನ್ನು ಹುಟ್ಟಿಸಿದವನಲ್ಲ, ಬೇರೆಲ್ಲಿಂದಲೋ ಬಂದದ್ದನ್ನು ಮುಂದೆ ತಳ್ಳಿದ್ದಾನೆ ಎಂಬುದಕ್ಕೆ ಅದು ಸುಳಿವು.

ಮಾತಿನ ಅರ್ಥವನ್ನು ಬರೆದು ಕೊಡಿ

ಕರಾವಳಿಯಲ್ಲಿ ಯಾರೂ ಹೇಳಿಕೊಡದ, ಆದರೆ ದೂರು ನಿಲ್ಲುವುದೋ ಬೀಳುವುದೋ ಎಂದು ತೀರ್ಮಾನಿಸುವ ಹೆಜ್ಜೆ ಇದು. ಕಾರವಾರದ ಗುಂಪುಗಳಲ್ಲಿ ನಿಂದನೆ ಕೊಂಕಣಿಯಲ್ಲಿರುತ್ತದೆ, ಕೆಲವೊಮ್ಮೆ ಕನ್ನಡ ಲಿಪಿಯಲ್ಲಿ, ಕೆಲವೊಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ. ಶಿರಸಿ ಕಡೆ ಅದೇ ಮಾತು ಹವ್ಯಕ ಕನ್ನಡದ ಧ್ವನಿ ಸಂದೇಶವಾಗಿ ಬರುತ್ತದೆ. ಬಹಳಷ್ಟು ಸಲ ಅದರಲ್ಲಿ ಒಂದೇ ಒಂದು ಬೈಗುಳವೂ ಇರುವುದಿಲ್ಲ. ‘ರಾತ್ರಿ ಮೀಟಿಂಗು ಎಷ್ಟೊತ್ತಿಗೆ, ಮೇಡಂ?’ ಎಂಬ ಸಾಲನ್ನು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ದೂರು ನೋಡುವವರು ಓದಿದರೆ ಅದು ಸಭೆಯ ವಿಚಾರಣೆಯಂತೆ ಕಾಣುತ್ತದೆ. ಹಿಂದಿನ ದಿನ ಹಾಕಿದ ಕತ್ತರಿಸಿದ ಫೋಟೊ, ಅದರ ಕೆಳಗಿನ ನಗು, ಊರಿನಲ್ಲಿ ಆ ಮಾತಿಗೆ ಇರುವ ಅರ್ಥ, ಈ ಮೂರನ್ನೂ ಜೋಡಿಸಿದಾಗ ಮಾತ್ರ ಅದು ಏನೆಂದು ಗೊತ್ತಾಗುತ್ತದೆ.

ಆದ್ದರಿಂದ ಪ್ರತಿ ಸಂದೇಶದ ಪಕ್ಕದಲ್ಲಿ ಮೂರು ಸಾಲು ಬರೆಯಿರಿ. ಮೊದಲನೆಯದು ಇದ್ದಂತೆಯೇ ಮೂಲ ಮಾತು, ಧ್ವನಿಯಾದರೆ ಕೇಳಿಸಿದ ಹಾಗೆ ಬರೆದ ಪಠ್ಯ. ಎರಡನೆಯದು ಸರಳ ಕನ್ನಡದಲ್ಲಿ ಅದರ ಅನುವಾದ. ಮೂರನೆಯದು ಊರಿನಲ್ಲಿ ಇದನ್ನು ಓದಿದವರು ಏನೆಂದು ತಿಳಿಯುತ್ತಾರೆ ಎಂಬ ವಿವರಣೆ. ಈ ಮೂರನೆಯ ಸಾಲನ್ನು ಬರೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನನ್ನ ತಂಗಿಗೆ ಅದನ್ನು ತನ್ನ ಕೈಯಿಂದ ಬರೆಯಲು ಆಗಲಿಲ್ಲ, ಅವಳು ಹೇಳುತ್ತಾ ಹೋದಳು, ನಾನು ಬರೆದೆ. ಅದನ್ನು ಇನ್ನೊಬ್ಬರಿಂದ ಬರೆಸುವುದರಲ್ಲಿ ಏನೂ ತಪ್ಪಿಲ್ಲ.

ಜಾಲತಾಣಕ್ಕೆ ದೂರು

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಂಥ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ವಿಳಾಸವನ್ನು ಪ್ರಕಟಿಸಿರಬೇಕು. ನಗ್ನತೆ ತೋರಿಸುವ ಚಿತ್ರ, ತಿರುಚಿದ ಚಿತ್ರ, ನಿಮ್ಮ ಹೆಸರಿನ ನಕಲಿ ಖಾತೆ ಇವುಗಳ ಬಗ್ಗೆ ಬಾಧಿತರೇ ಅಥವಾ ಅವರ ಪರವಾಗಿ ಬೇರೊಬ್ಬರು ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಆ ನಿಯಮಗಳು ಬಂದಾಗಲೇ ಗಡುವು ಹಾಕಲಾಯಿತು. ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿ ‘ರಿಪೋರ್ಟ್’ ಮಾಡುವುದರ ಜೊತೆಗೆ ಈ ಅಧಿಕಾರಿಗೂ ಬರೆಯಿರಿ. ಅವರ ಉತ್ತರ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಖಾಸಗಿ ಚಿತ್ರ ಹರಡುತ್ತೇವೆಂದು ಯಾರಾದರೂ ಹೆದರಿಸುತ್ತಿದ್ದರೆ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೌಲಭ್ಯವಿದೆ. ಅದು ನಿಮ್ಮ ಫೋನಿನಲ್ಲೇ ಆ ಚಿತ್ರದ ಅಂಕೆಗುರುತೊಂದನ್ನು ತಯಾರಿಸಿ, ಆ ಗುರುತನ್ನಷ್ಟೇ ಭಾಗವಹಿಸಿದ ಸಂಸ್ಥೆಗಳಿಗೆ ಕಳುಹಿಸುತ್ತದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ.

ವಾಟ್ಸ್‌ಆ್ಯಪ್‌ನ ದಾರಿ ಬೇರೆ. ಅಲ್ಲಿನ ಸಂದೇಶಗಳು ಸಂಸ್ಥೆಗೇ ಕಾಣದಂತೆ ಗೂಢಲಿಪಿಯಲ್ಲಿರುವುದರಿಂದ, ನೀವು ರಿಪೋರ್ಟ್ ಮಾಡಿದಾಗ ಮಾತ್ರ ಕೊನೆಯ ಕೆಲವು ಸಂದೇಶಗಳು ಅವರಿಗೆ ಹೋಗುತ್ತವೆ. ಅದಕ್ಕಿಂತ ಬೇಗ ಫಲ ಕೊಡುವುದು ಗುಂಪಿನ ಅಡ್ಮಿನ್‌ಗೆ ಲಿಖಿತವಾಗಿ ಕೇಳುವುದು. ಅಡ್ಮಿನ್ ಯಾರ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸಬಲ್ಲರು. ಆದರೆ ನಿಮ್ಮ ಪುರಾವೆ ಭದ್ರವಾದ ಮೇಲೆ ಮಾತ್ರ ಕೇಳಿ. ಬೇರೆಯವರು ಹಾಕಿದ್ದಕ್ಕೆಲ್ಲ ಅಡ್ಮಿನ್ ಜೈಲಿಗೆ ಹೋಗುತ್ತಾರೆ ಎಂದು ಹೆದರಿಸುವುದು ಸರಿಯಲ್ಲ, ಅಡ್ಮಿನ್ ಆಗಿರುವುದೊಂದೇ ಕಾರಣಕ್ಕೆ ಹೊಣೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ.

ಪೊಲೀಸ್ ಠಾಣೆಯಲ್ಲಿ

ನಾವು ಹೋದ ಠಾಣೆಯಲ್ಲಿ ‘ಇಲೆಕ್ಷನ್ ಮುಗೀಲಿ, ತಣ್ಣಗಾಗ್ತದೆ’ ಎಂದು ಕಳುಹಿಸಿದ್ದರು. ನಾವೂ ಎದ್ದು ಬಂದೆವು. ಹಾಗೆ ಎದ್ದು ಬರಬಾರದಿತ್ತು. ಈಗ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರನ್ನು ಸ್ವೀಕರಿಸಬೇಕು. ಇಮೇಲ್‌ನಂಥ ಎಲೆಕ್ಟ್ರಾನಿಕ್ ರೂಪದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಮಾಡಬೇಕು. ಹೆಣ್ಣಿನ ಮಾನಕ್ಕೆ ಸಂಬಂಧಿಸಿದ ಅಪರಾಧವಾದರೆ ಅವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಠಾಣೆಯವರು ನಿರಾಕರಿಸಿದರೆ ದೂರಿನ ಸಾರಾಂಶವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆಂದೇ ಇರುವ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆ ಕಾರವಾರದಲ್ಲಿದೆ. ಶಿರಸಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಪ್ರಚಾರದ ನಡುವೆ ಘಟ್ಟ ಇಳಿದು ಹೋಗಿ ಬರುವುದೆಂದರೆ ಒಂದು ದಿನವೇ ಹೋಯಿತು. ಅಂಥವರು ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿಯೂ ದಾಖಲಿಸಬಹುದು. ಜೀವ ಬೆದರಿಕೆ ಇದ್ದರೆ ಮೊದಲು 112ಕ್ಕೆ ಕರೆ ಮಾಡಿ.

ಯಾವ ಕಲಂ ಎನ್ನುವುದು ಬಹಳ ಮುಖ್ಯ. ಠಾಣೆಯಲ್ಲಿ ಇದನ್ನು ಬರೀ ಮಾನಹಾನಿ ಎಂದು ಬರೆದರೆ ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ, ನೀವೇ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು ಮತ್ತು ಸನ್ನೆಗೆ, 78 ಬೆನ್ನುಹತ್ತಿ ಕಾಡುವುದಕ್ಕೆ, 351 ಬೆದರಿಕೆಗೆ ಸಂಬಂಧಿಸಿದವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಅಶ್ಲೀಲ ಚಿತ್ರಗಳಿಗೆ ಅನ್ವಯಿಸುತ್ತವೆ, 66ಸಿ ಇನ್ನೊಬ್ಬರ ಪಾಸ್‌ವರ್ಡ್ ಮುಂತಾದ ಗುರುತನ್ನು ಕದ್ದು ಬಳಸುವುದಕ್ಕೆ. ಯಾರಾದರೂ 66ಎ ಎಂದು ಬರೆಯಲು ಹೊರಟರೆ ತಡೆಯಿರಿ, ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದುಪಡಿಸಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಚುನಾವಣಾಧಿಕಾರಿಗೆ ಬೇರೆಯೇ ದೂರು

ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಿ ಚುನಾವಣಾಧಿಕಾರಿಗೂ ಅರ್ಜಿ ಕೊಡಿ. ಎದುರಾಳಿಯ ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದೆಂದು ಕೇಂದ್ರ ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆ ಹೇಳುತ್ತದೆ. ವಿಧಾನಸಭೆ ಮತ್ತು ಲೋಕಸಭೆಯಾದರೆ ಆಯೋಗದ್ದೇ ಆದ ಸಿ-ವಿಜಿಲ್ ಆ್ಯಪ್ ಮೂಲಕವೂ ದೂರಬಹುದು. 2024ರ ಮೇ 6ರಂದು, ಅಂದರೆ ಉತ್ತರ ಕನ್ನಡ ಮತ ಹಾಕುವ ಹಿಂದಿನ ದಿನ, ಡೀಪ್‌ಫೇಕ್ (ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಚಿತ್ರ, ವಿಡಿಯೊ ಅಥವಾ ಧ್ವನಿ) ತಮ್ಮ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಅದನ್ನು ತೆಗೆಯಬೇಕೆಂದು ಆಯೋಗ ಪಕ್ಷಗಳಿಗೆ ಸೂಚಿಸಿತ್ತು. ಅಭ್ಯರ್ಥಿಯೋ ಅವರ ಏಜೆಂಟೋ, ಅವರ ಒಪ್ಪಿಗೆಯಿಂದ ಬೇರೆಯವರೋ ನಿಮ್ಮ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಪ್ರಕಟಿಸಿದ್ದು ಸಾಬೀತಾದರೆ, ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಂ ಪ್ರಕಾರ ಅದು ಭ್ರಷ್ಟ ಆಚರಣೆ. ಫಲಿತಾಂಶದಿಂದ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಪಂಚಾಯಿತಿ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಅಡಿಯಲ್ಲಿ ಬೇರೆ ಕಾನೂನಿನಂತೆ ನಡೆಯುವುದರಿಂದ, ಅಲ್ಲಿ ನಿಮ್ಮ ಅರ್ಜಿ ಆ ಪಂಚಾಯಿತಿಗೆ ನೇಮಕವಾದ ಚುನಾವಣಾಧಿಕಾರಿಗೂ ತಹಶೀಲ್ದಾರರಿಗೂ ಹೋಗಬೇಕು.

ಮತದಾರರಿಗೆ ಏನು ಹೇಳುವುದು

ಸುಮ್ಮನಿರಬೇಕೋ ಉತ್ತರಿಸಬೇಕೋ ಎಂಬುದಕ್ಕೆ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಮಾತು ಒಂದು ಗುಂಪಿನೊಳಗೇ ಇದ್ದರೆ ಉತ್ತರ ಬೇಡ, ಬಾವಿಕಟ್ಟೆಯವರೆಗೆ ಬಂದಿದ್ದರೆ ಉತ್ತರ ಬೇಕು. ಉತ್ತರಿಸುವಾಗ ಆ ಕೆಟ್ಟ ಚಿತ್ರವನ್ನಾಗಲಿ ಆ ಮಾತನ್ನಾಗಲಿ ಮತ್ತೆ ತೋರಿಸಬೇಡಿ. ನಾವು ಆಗ ಮಾಡಿದ್ದು ಇಷ್ಟೇ: ಕತ್ತರಿಸದ ಪೂರ್ತಿ ಫೋಟೊವನ್ನು ಮುದ್ರಿಸಿ, ಅದರಲ್ಲಿದ್ದ ನಾಲ್ವರು ಹೆಂಗಸರೇ ಅದನ್ನು ಹಿಡಿದು ಮನೆ ಮನೆಗೆ ಹೋಗಿ ‘ನಾವೂ ಅಲ್ಲೇ ಇದ್ದೆವು’ ಎಂದರು. ನಮ್ಮ ಕಡೆಯ ಹುಡುಗರು ಆ ಫೋಟೊ ಹಾಕಿದವನ ಹೆಂಡತಿಯ ಚಿತ್ರ ಹುಡುಕಿ ಹಾಕುತ್ತೇವೆಂದು ಹೊರಟಿದ್ದರು, ಅದಕ್ಕೆ ತಂಗಿ ಬಿಡಲಿಲ್ಲ. ಆ ಹೆಂಗಸು ಯಾರಿಗೆ ಏನು ಮಾಡಿದ್ದಳು?

ಮನೆಯವರಿಗೆ ಒಂದು ಮಾತು. ‘ಮರ್ಯಾದೆ ಮುಖ್ಯ, ನಾಮಪತ್ರ ವಾಪಸ್ ತಗೋ’ ಎಂದು ಅತ್ತೆಯೋ ಭಾವನೋ ಹೇಳಿದ ಕೂಡಲೇ ಆ ಫೋಟೊ ಕತ್ತರಿಸಿದವನ ಕೆಲಸ ಮುಗಿದಂತಾಗುತ್ತದೆ, ಏಕೆಂದರೆ ಅವನು ಬರೆದದ್ದು ಊರಿಗಲ್ಲ, ನಿಮ್ಮ ಮನೆಯ ಜಗಲಿಗೆ. ಠಾಣೆಗೆ ಹೋಗುವಾಗ ಅತ್ತೆ ಸೊಸೆಯ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತರೆ ಊರು ಅದನ್ನು ನೋಡುತ್ತದೆ.

ಫಲಿತಾಂಶ ಬಂದು ಹಾರ, ಗುಲಾಲು ಎಲ್ಲ ಮುಗಿದ ಮೇಲೂ ಕೇಸು ಉಳಿದಿರುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಪುರಾವೆಯ ಜೊತೆಗೆ ಪ್ರಮಾಣಪತ್ರ ಕೊಡಬೇಕು, ಅದರ ಒಂದು ಭಾಗಕ್ಕೆ ಪುರಾವೆ ಹಾಜರುಪಡಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಮೂಲ ಸಂದೇಶ ಇರುವ ಫೋನನ್ನು ಪೊಲೀಸರು ಕೇಳಿದರೆ ರಸೀದಿ ಪಡೆದು ಕೊಡಿ. ನಿಮ್ಮ ಬಳಿಯೇ ಉಳಿದರೆ ರೀಸೆಟ್ ಮಾಡಬೇಡಿ, ಮಕ್ಕಳ ಆಟಕ್ಕೆ ಬಿಡಬೇಡಿ, ಹೊಸ ಫೋನಿನ ಎಕ್ಸ್‌ಚೇಂಜಿಗೆ ಹಾಕಬೇಡಿ. ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಇಡಬೇಕಾದೀತು, ಆದ್ದರಿಂದ ತಿಂಗಳಿಗೊಮ್ಮೆ ಹೊರತೆಗೆದು ಚಾರ್ಜ್ ಮಾಡಿ, ನೋಟ್‌ಬುಕ್ಕಿನ ಜೊತೆಗೇ ಕಪಾಟಿನ ಮೇಲಿನ ಖಾನೆಯಲ್ಲಿಡಿ.