ಹಳೆಯ ಕಾರಿನ ಸೈಲೆನ್ಸರ್ ಬದಲಿಸುವ ಮುನ್ನ

ಸೈಲೆನ್ಸರ್ ಬದಲಿಸಿದರೆ ಹಳೆಯ ಕಾರಿನ ಪಿಕಪ್ ಹೆಚ್ಚುತ್ತದೆಯೇ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ಈಗಿರುವ ಸೈಲೆನ್ಸರಿನ ಒಳಗೆ ಏನಾಗಿದೆ ಎಂಬುದನ್ನು ನೋಡಿದ್ದೀರಾ? ನಮ್ಮ ಕರಾವಳಿಯಲ್ಲಿ ಹೊಸ ಸೈಲೆನ್ಸರಿನಿಂದ ಬಂತೆಂದು ಹೇಳುವ ಶಕ್ತಿಯ ಬಹುಪಾಲು, ಹಳೆಯದು ಕಟ್ಟಿಕೊಂಡು ಕಳೆದುಹೋಗಿದ್ದ ಶಕ್ತಿಯೇ ಆಗಿರುತ್ತದೆ.

ಉಡುಪಿಯಲ್ಲಿರುವ ನನ್ನ 1972ರ ಅಂಬಾಸಿಡರ್ ಮಾರ್ಕ್ 2, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲೂ ಏದುಸಿರು ಬಿಡತೊಡಗಿದಾಗ, ಒಂದು ಗ್ಯಾರೇಜಿನವರು ಒಳಗೆ ತಡೆಯೇ ಇಲ್ಲದ ನೇರ ಕೊಳವೆಯ ದೊಡ್ಡ ಸೈಲೆನ್ಸರ್ ಹಾಕಿಕೊಟ್ಟರು. ಕಾರು ಚುರುಕಾಯಿತು, ನಾನೂ ನಂಬಿದೆ. ಆದರೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಳಗೆ ಕುಳಿತವರ ತಲೆ ಗುಂಯ್‌ಗುಡುವಂಥ ಸದ್ದು ಬರುತ್ತಿತ್ತು, ಸ್ಪಾರ್ಕ್ ಪ್ಲಗ್ಗುಗಳ ತುದಿಯೂ ಬಿಳಿಚಿಕೊಂಡಿತು. ಕೆಲವು ವಾರಗಳ ನಂತರ ಹಳೆಯ ಸೈಲೆನ್ಸರನ್ನು ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿಸಿದೆ. ಒಳಗಿನ ತಡೆ ತಗಡುಗಳಲ್ಲಿ ಒಂದು ತುಕ್ಕು ತಿಂದು ಕಳಚಿ, ಹೊರಹೋಗುವ ಕೊಳವೆಯ ಬಾಯಿಗೆ ಮುಚ್ಚಳದಂತೆ ಒರಗಿತ್ತು. ಬದಿಯಲ್ಲಿ ಎರಡು ಹಿಡಿಯಷ್ಟು ತುಕ್ಕಿನ ಹಕ್ಕಳೆ. ಮೂಲ ಮಾದರಿಯದೇ ಹೊಸ ಸೈಲೆನ್ಸರ್ ಹಾಕಿದ್ದರೂ ಕಾರು ಅಷ್ಟೇ ಚೆನ್ನಾಗಿ ಘಾಟಿ ಏರುತ್ತಿತ್ತು ಎಂಬುದು ಅದನ್ನು ಹಾಕಿದ ಮೇಲೆ ಖಚಿತವಾಯಿತು.

ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಎಂಜಿನ್ ಕಟ್ಟುವವರ ಸ್ಥೂಲ ನಿಯಮದಂತೆ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 2.2 ಘನ ಅಡಿ ಹರಿವು ಬೇಕು, ಒಂದು ಚದರ ಇಂಚು ಕೊಳವೆ ಸುಮಾರು 115 ಘನ ಅಡಿಯನ್ನು ಸಾಗಿಸುತ್ತದೆ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನ ಸುಮಾರು 50 ಅಶ್ವಶಕ್ತಿಗೆ 110 ಘನ ಅಡಿ, ಎಂದರೆ 1.1 ಇಂಚು ಒಳವ್ಯಾಸದ ಕೊಳವೆ ಸಾಕು. 1089 ಸಿ.ಸಿ.ಯ ಹಳೆಯ ಫಿಯಟ್‌ಗೆ ಇನ್ನೂ ಕಡಿಮೆ. ನಿಮ್ಮ ಕಾರಿನ ಕೊಳವೆಯನ್ನು ಅಳೆದು ನೋಡಿ. ಅದು ಇದಕ್ಕಿಂತ ಅಗಲವಾಗಿದ್ದರೆ ಮತ್ತಷ್ಟು ಅಗಲ ಮಾಡುವುದರಿಂದ ಹೊಗೆಯ ವೇಗ ತಗ್ಗುತ್ತದೆಯೇ ಹೊರತು ಶಕ್ತಿ ಹೆಚ್ಚುವುದಿಲ್ಲ. ಎಂಜಿನ್ನಿಗೆ ಹಿಮ್ಮುಖ ಒತ್ತಡ, ಎಂದರೆ ಹೊಗೆ ಹೊರಹೋಗದಂತೆ ಹಿಂದಕ್ಕೆ ತಳ್ಳುವ ತಡೆ, ಬೇಕು ಎಂಬ ಮಾತು ತಪ್ಪು. ಅದಕ್ಕೆ ಬೇಕಾದುದು ಹೊಗೆಯ ವೇಗ; ವೇಗವಾಗಿ ಹೊರಟ ಹೊಗೆ ತನ್ನ ಹಿಂದೆ ಉಳಿದುದನ್ನೂ ಸೆಳೆದುಕೊಂಡು ಹೋಗುತ್ತದೆ.

ಶಕ್ತಿ ಬೇರೆಲ್ಲಿಂದ ಬರುತ್ತದೆ ಎಂಬುದಕ್ಕೆ ಇದೇ ಎಂಜಿನ್ ಕುಟುಂಬದಲ್ಲಿ ಸಾಕ್ಷಿಯಿದೆ. 1955ರಲ್ಲಿ ಬಂದ ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದುದು ಅದೇ 1489 ಸಿ.ಸಿ.ಯ ಬಿ-ಸೀರೀಸ್ ಎಂಜಿನ್. ಅದು ಮೊದಲು 68, ಆಮೇಲೆ 72 ಅಶ್ವಶಕ್ತಿ ಕೊಡುತ್ತಿತ್ತು. ಅಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಎರಡು ಎಸ್‌ಯು ಕಾರ್ಬೊರೇಟರುಗಳಿದ್ದವು, 8.3 ಕಂಪ್ರೆಷನ್ ಅನುಪಾತವಿತ್ತು (ಉರಿಯುವ ಮುನ್ನ ಮಿಶ್ರಣ ಎಷ್ಟು ಪಟ್ಟು ಅದುಮಲ್ಪಡುತ್ತದೆ ಎಂಬ ಲೆಕ್ಕ), ಎಂಜಿನ್ ನಿಮಿಷಕ್ಕೆ 5,500 ಸುತ್ತುಗಳವರೆಗೆ ಏರುತ್ತಿತ್ತು. ಇವು ಯಾವುವೂ ಇಲ್ಲದೆ ಹಿಂಬದಿಯ ಕೊಳವೆ ಮಾತ್ರ ಬದಲಾದರೆ ಎಂಜಿನ್ ಗಮನಿಸುವುದೂ ಕಷ್ಟ.

ಆದ್ದರಿಂದ ಮೊದಲು ಪರೀಕ್ಷಿಸಿ. ಟ್ಯಾಪೆಟ್ ಅಂತರ (ವಾಲ್ವು ತೆರೆಯುವ ಭಾಗಗಳ ನಡುವಿನ ಸಂದು), ಕಿಡಿ ಹುಟ್ಟಿಸುವ ಪಾಯಿಂಟ್ ಮತ್ತು ಕಿಡಿಯ ಟೈಮಿಂಗ್ ಸರಿಪಡಿಸಿದ ನಂತರ, ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ಸಿಲಿಂಡರುಗಳ ಹೊಗೆಯನ್ನು ಒಂದೇ ಕೊಳವೆಗೆ ಸೇರಿಸುವ ಮ್ಯಾನಿಫೋಲ್ಡಿನ ಬಳಿ ಟಿಕ್ ಟಿಕ್ ಸದ್ದು ಇದೆಯೇ ಎಂದು ಕೇಳಿ. ಇದ್ದರೆ ಅಲ್ಲಿ ಗ್ಯಾಸ್ಕೆಟ್ ಸೋರುತ್ತಿದೆ. ಈ ಸೋರಿಕೆಯನ್ನು ಹಗುರವಾಗಿ ನೋಡಬೇಡಿ, ಕಾರಿನೊಳಗೆ ಸೇರುವ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯಬಲ್ಲದು. ಎಂಜಿನ್ ನಿಲ್ಲಿಸಿ, ಸೈಲೆನ್ಸರ್ ತಣಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅದನ್ನು ತಟ್ಟಿ. ಒಳಗೆ ಗಲಗಲ ಸದ್ದಾದರೆ ತಗಡು ಕಳಚಿದೆ ಎಂದರ್ಥ.

ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯ ನಿರ್ವಾತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಸಾಕು. ಸಮುದ್ರಮಟ್ಟದಲ್ಲಿ, ಎಂದರೆ ಮಂಗಳೂರು ಉಡುಪಿಗಳಲ್ಲಿ, ಆರೋಗ್ಯವಂತ ಎಂಜಿನ್ ಐಡಲಿನಲ್ಲಿ, ಎಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಪಾದರಸದ 17ರಿಂದ 21 ಇಂಚು ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುವುದರಿಂದ, ಮಡಿಕೇರಿಯಲ್ಲಿ ಅಳೆದವರು ನಾಲ್ಕು ಇಂಚಿನಷ್ಟು ಕಡಿಮೆಯನ್ನು ನಿರೀಕ್ಷಿಸಬೇಕು. ಆಮೇಲೆ ನಿಮಿಷಕ್ಕೆ 2,500 ಸುತ್ತಿನಲ್ಲಿ ಎಂಜಿನ್ನನ್ನು ಸ್ಥಿರವಾಗಿ ಹಿಡಿಯಿರಿ. ಮುಳ್ಳು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಹೊಗೆಯ ದಾರಿ ಕಟ್ಟಿದೆ. ನಿಂತಲ್ಲೇ ನಿಂತರೆ ನಿಮ್ಮ ಹಣವನ್ನು ಕಾರ್ಬೊರೇಟರಿಗೂ ಕ್ಲಚ್ಚಿಗೂ ಉಳಿಸಿಕೊಳ್ಳಿ.

ಬದಲಿಸಲೇಬೇಕಾದರೆ ಮೂಲ ವ್ಯಾಸವನ್ನೇ ಇಟ್ಟುಕೊಳ್ಳಿ, ಬಾಗುಗಳಲ್ಲಿ ಕೊಳವೆ ಚಪ್ಪಟೆಯಾಗದಂತೆ ನೋಡಿಕೊಳ್ಳಿ. ಲೋಹದ ಆಯ್ಕೆಯಲ್ಲಿ ಮಾತ್ರ ಹಿಂಜರಿಯದೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿ ಎಂಬುದು ನನ್ನ ಸಲಹೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಮನೆಯಿಂದ ಪೇಟೆಗೆ ಹೋಗಿ ಬರುವಷ್ಟೇ ಓಡುವ ಕಾರಿನ ಸೈಲೆನ್ಸರ್ ಬಿಸಿಯೇರುವ ಮೊದಲೇ ಆರುವುದರಿಂದ ಆ ನೀರು ಒಳಗೇ ನಿಲ್ಲುತ್ತದೆ, ಹೊರಗಿನಿಂದ ಕಡಲಿನ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿಕೊಳ್ಳುತ್ತದೆ. ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ಆ ನೀರು ಸೋರಿಹೋಗಲು 3 ಮಿ.ಮೀ. ರಂಧ್ರವೊಂದನ್ನು ಕೊರೆಸುವುದನ್ನು ಮರೆಯಬೇಡಿ. ತಿಂಗಳಿಗೊಮ್ಮೆಯಾದರೂ ಕಾರನ್ನು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ.

ಮ್ಯಾನಿಫೋಲ್ಡ್ ತೆಗೆದು ಉದ್ದ ಕೊಳವೆಗಳ ಹೆಡರ್ ಹಾಕುವುದು ಹೊಗೆಯ ದಾರಿಯಲ್ಲಿ ನಿಜವಾದ ಲಾಭ ಕೊಡಬಲ್ಲ ಏಕೈಕ ಮಾರ್ಪಾಡು, ಆದರೂ ಅದು ಎಂಜಿನ್ ಮೇಲಿನ ಸುತ್ತುಗಳಲ್ಲಿ ಓಡುವಾಗ ಮಾತ್ರ. ಬಿ-ಸೀರೀಸ್ ಹೆಡ್ಡಿನಲ್ಲಿ ಎರಡು ಮತ್ತು ಮೂರನೇ ಸಿಲಿಂಡರುಗಳಿಗೆ ಹೊಗೆ ಬಿಡುವ ಬಾಯಿ ಒಂದೇ ಆಗಿರುವುದರಿಂದ ನಾಲ್ಕು ಕೊಳವೆಗಳ ಹೆಡರ್ ಇದಕ್ಕೆ ಕೂಡುವುದಿಲ್ಲ, ಮೂರು ಕವಲಿನದೇ ಬೇಕು. ಇದಲ್ಲದೆ ಹಳೆಯ ಮ್ಯಾನಿಫೋಲ್ಡ್ ತನ್ನ ಬಿಸಿಯಿಂದ ಕಾರ್ಬೊರೇಟರಿನಿಂದ ಬರುವ ಪೆಟ್ರೋಲನ್ನು ಆವಿಯಾಗಿಸುತ್ತಿರುತ್ತದೆ. ಅದು ಹೋದರೆ ಆಷಾಢದ ತೇವದ ಬೆಳಗುಗಳಲ್ಲಿ ಎಂಜಿನ್ ಬಿಸಿಯಾಗುವವರೆಗೆ ಐಡಲ್ ನಿಲ್ಲದೆ ಕಾಡಬಹುದು. ದಿನಬಳಕೆಯ ಕಾರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಕಾನೂನನ್ನೂ ಗಮನದಲ್ಲಿಡಿ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದ ಖಾಸಗಿ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೀಗಾಗಿ ಬಿಚ್ಚಿದ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕಬೇಡಿ, ಗ್ರೀಸ್ ಸವರಿ ತೆಗೆದಿಡಿ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಅಡಿಯಲ್ಲಿ ಶಬ್ದಮಾಲಿನ್ಯಕ್ಕೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡವಿದೆ.

ಯಾವ ಬದಲಾವಣೆ ಮಾಡಿದರೂ ಕೊನೆಗೆ ಪ್ಲಗ್ ನೋಡಲೇಬೇಕು. ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಅದುಮಿ ಇಗ್ನಿಷನ್ ಆರಿಸಿ ಬದಿಗೆ ನಿಲ್ಲಿಸಿ. ಇಳಿಜಾರಿನಲ್ಲಿ ಖಂಡಿತ ಹೀಗೆ ಮಾಡಬಾರದು. ಪ್ಲಗ್ಗಿನ ತುದಿ ತಿಳಿ ಕಂದಾಗಿದ್ದರೆ ಸರಿಯಾಗಿದೆ. ಬಿಳಿಯಾಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು, ವಾಲ್ವುಗಳು ಸುಡುವ ಅಪಾಯವಿದೆ. ಸೋಲೆಕ್ಸ್ ಕಾರ್ಬೊರೇಟರ್ ಇದ್ದರೆ ಐದು ಅಂಕ ದೊಡ್ಡದಾದ ಮೇನ್ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ರಂಧ್ರದ ಬಿಡಿಭಾಗ) ಹಾಕಿ, ಎಸ್‌ಯು ಇದ್ದರೆ ಜೆಟ್ಟಿನ ಅಡಿಯ ನಟ್ಟನ್ನು ಒಂದು ಸುತ್ತಿನ ಆರನೇ ಒಂದು ಭಾಗದಷ್ಟು ಕೆಳಕ್ಕೆ ಇಳಿಸಿ, ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿ ಪ್ಲಗ್ ಬಿಚ್ಚಿ ನೋಡಿ.