ಫೈಲ್ ಹೆಸರಿನ #, %, ' ಚಿಹ್ನೆಗಳಿಂದ ಸ್ಕ್ರಿಪ್ಟ್ ಕೆಟ್ಟರೆ

ನಿಮ್ಮ ವೆಬ್ ಪುಟದಲ್ಲಿ ಉಳಿದ ಫೈಲೆಲ್ಲ ತೆರೆದು ಒಂದು ಮಾತ್ರ ತೆರೆಯದಿದ್ದರೆ ಮೊದಲು ಅದರ ಹೆಸರು ನೋಡಿ. ಎಫ್12 ಒತ್ತಿ ಬ್ರೌಸರ್ ತನ್ನ ದೋಷಗಳನ್ನು ತೋರಿಸುವ ಕನ್ಸೋಲ್ ತೆರೆಯಿರಿ. ಸಿಂಟ್ಯಾಕ್ಸ್ ಎರರ್ (ಕೋಡಿನ ವ್ಯಾಕರಣ ದೋಷ) ಇದ್ದರೆ ' ಅಥವಾ " ಚಿಹ್ನೆಯ ಕಾಟ, ಯುಆರ್‌ಐ ಎರರ್ (ವಿಳಾಸದ ದೋಷ) ಆದರೆ % ಚಿಹ್ನೆಯದು, ನೆಟ್‌ವರ್ಕ್ ಟ್ಯಾಬಿನಲ್ಲಿ 404 (ಫೈಲ್ ಸಿಗಲಿಲ್ಲ) ಕಂಡರೆ # ಅಥವಾ ? ಮೇಲೆ ಅನುಮಾನಪಡಿ.

ಹೆಚ್ಚು ಕಾಡುವುದು '. ಕ್ಲಿಕ್ ಮಾಡಿದಾಗ ನಡೆಯುವ ಕೋಡ್ ಇರುವ ಆನ್‌ಕ್ಲಿಕ್ ಒಳಗಿನ ತೆರೆ('...') ಎಂಬಲ್ಲಿಗೆ '98ರ ಬ್ಯಾಚ್.ಪಿಡಿಎಫ್ ಬಂದು ಕೂತರೆ, ಹೆಸರಿನ ಮೊದಲ ಚಿಹ್ನೆಗೇ ಸ್ಟ್ರಿಂಗ್ (ಎರಡು ' ನಡುವಿನ ಪಠ್ಯ) ಮುಗಿದು ಉಳಿದದ್ದು ಅರ್ಥವಿಲ್ಲದ ಕೋಡ್ ಆಗುತ್ತದೆ. ಅಲ್ಲಿ &#39; ಎಂಬ, ' ಚಿಹ್ನೆಯ ಎಚ್‌ಟಿಎಂಎಲ್ ಸಂಕೇತ ಹಾಕಿದರೂ ಪ್ರಯೋಜನವಿಲ್ಲ: ಬ್ರೌಸರ್ ಅದನ್ನು ಮೊದಲು ' ಆಗಿ ಬಿಡಿಸಿ, ಆಮೇಲೆ ಸ್ಕ್ರಿಪ್ಟಿಗೆ ಕೊಡುತ್ತದೆ. ವಿಳಾಸಕ್ಕಾಗಿ ಚಿಹ್ನೆಗಳನ್ನು %23 ರೀತಿಯ ಸಂಕೇತವಾಗಿಸುವ (ಎನ್‌ಕೋಡ್ ಮಾಡುವ) ಜಾವಾಸ್ಕ್ರಿಪ್ಟ್ ಫಂಕ್ಷನ್ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಕೂಡ ' ಅನ್ನು ಮುಟ್ಟುವುದಿಲ್ಲ. ತೇಪೆ ಹಚ್ಚುವ ಬದಲು ಆನ್‌ಕ್ಲಿಕ್ಕನ್ನೇ ಬಿಡಿ. ಹೆಸರನ್ನು ಆ ಎಚ್‌ಟಿಎಂಎಲ್ ಟ್ಯಾಗಿನ ಡೇಟಾ ಆಟ್ರಿಬ್ಯೂಟಿನಲ್ಲಿಡಿ (&#39; ಕೆಲಸಕ್ಕೆ ಬರುವುದು ಇಲ್ಲಿ), ಆಡ್‌ಇವೆಂಟ್‌ಲಿಸನರ್‌ನಲ್ಲಿ ಕ್ಲಿಕ್ ಹಿಡಿದು ಡೇಟಾಸೆಟ್‌ನಿಂದ ಓದಿ. ಪುಟದಲ್ಲಿ ಹೆಸರು ತೋರಿಸಲು ಇನ್ನರ್‌ಎಚ್‌ಟಿಎಂಎಲ್ ಬೇಡ, ಟೆಕ್ಸ್ಟ್‌ಕಂಟೆಂಟ್ ಬಳಸಿ. ಮೊದಲನೆಯದು ಹೆಸರನ್ನು ಎಚ್‌ಟಿಎಂಎಲ್ ಕೋಡಿನಂತೆ, ಎರಡನೆಯದು ಬರೀ ಅಕ್ಷರಗಳಂತೆ ನೋಡುತ್ತದೆ; ಹೆಸರಿನಲ್ಲೇ ಸ್ಕ್ರಿಪ್ಟ್ ಅಡಗಿಸಿ ಅಪ್‌ಲೋಡ್ ಮಾಡುವವರೂ ಇದ್ದಾರೆ.

ಇನ್ನು ವಿಳಾಸ. # ಮತ್ತು ಅದರ ಮುಂದಿನ ಭಾಗ ಸರ್ವರಿಗೆ ಹೋಗುವುದೇ ಇಲ್ಲ, ಬಿಲ್#2.ಪಿಡಿಎಫ್ ಕೇಳಿದರೆ ಸರ್ವರ್ ಹುಡುಕುವುದು ಬರೀ "ಬಿಲ್". ಎನ್‌ಕೋಡ್‌ಯುಆರ್‌ಐ #, ?, & ಮೂರನ್ನೂ ಹಾಗೇ ಬಿಡುವುದರಿಂದ ಇಲ್ಲಿ ಬೇಕಾದದ್ದು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್. ಅದನ್ನು ಫೋಲ್ಡರ್ ಮತ್ತು ಫೈಲಿನ ಹೆಸರಿಗೆ ಬೇರೆ ಬೇರೆಯಾಗಿ ಹಾಕಿ. ಇಡೀ ವಿಳಾಸಕ್ಕೆ ಹಾಕಿದರೆ / ಕೂಡ ಎನ್‌ಕೋಡ್ ಆಗುತ್ತದೆ. ಒಂದೇ ಸಲ ಸಾಕು. # ಚಿಹ್ನೆಗೆ %23 ಬದಲು %2523 ಕಂಡರೆ ಎರಡು ಸಲ ಆಗಿದೆ ಎಂದರ್ಥ.

100%.ಪಿಡಿಎಫ್ ಎಂಬ ಹೆಸರನ್ನು ಎನ್‌ಕೋಡ್ ಮಾಡದೆ ನೇರ ಡಿಕೋಡ್ ಮಾಡಿದರೆ ಯುಆರ್‌ಐ ಎರರ್ ಖಚಿತ, % ಮುಂದೆ ಎರಡು ಹೆಕ್ಸ್ ಅಂಕಿ (0-9, ಎ-ಎಫ್) ಇರಲೇಬೇಕು. ಎನ್‌ಕೋಡ್ ಆಗಿ ಬಂದದ್ದನ್ನಷ್ಟೇ ಡಿಕೋಡ್ ಮಾಡಿ.

ಕೋಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಅಕ್ಷರ, ಅಂಕಿ, - ಮತ್ತು _ ಮಾತ್ರ ಇರುವಂತೆ ಹೆಸರು ಬದಲಿಸಿ ಅಪ್‌ಲೋಡ್ ಮಾಡಿ.

ಕನ್ನಡ ಹೆಸರುಗಳಿಗೆ ಇನ್ನೊಂದು ತೊಡಕಿದೆ. "ಕೋಲಾರ" ಪದದ ೋ ಒಂದೇ ಯೂನಿಕೋಡ್ ಸಂಕೇತವಾಗಿರಬಹುದು, ಮೂರಾಗಿ ಒಡೆದಿರಲೂಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್+ ಎಂಬ ಫೈಲ್ ವ್ಯವಸ್ಥೆ ಒಡೆದೇ ಉಳಿಸುತ್ತಿತ್ತು. ಕಣ್ಣಿಗೆ ಒಂದೇ, ಜಾವಾಸ್ಕ್ರಿಪ್ಟಿನ === ಹೋಲಿಕೆಗೆ ಬೇರೆ. ಎರಡೂ ಕಡೆ ನಾರ್ಮಲೈಸ್ ಫಂಕ್ಷನ್ನನ್ನು ಎನ್‌ಎಫ್‌ಸಿ ರೂಪಕ್ಕೆ (ಒಡೆದದ್ದನ್ನು ಕೂಡಿಸಿದ ರೂಪ) ಕರೆದು ಆಮೇಲೆ ಹೋಲಿಸಿ. "ಸಾಫ್ಟ್‌ವೇರ್" ನಡುವೆ ಅಡಗಿರುವ, ಅಗಲವೇ ಇಲ್ಲದ ಸಂಕೇತವನ್ನು ಮಾತ್ರ ಇದು ತೆಗೆಯುವುದಿಲ್ಲ; ಹುಡುಕಾಟಕ್ಕೆಂದು ಇನ್ನೊಂದು ಪ್ರತಿ ಮಾಡಿ ಅದರಿಂದ ಆ ಸಂಕೇತವನ್ನು (ಯೂನಿಕೋಡ್ 200ಸಿ) ಕಿತ್ತುಹಾಕಿ, ಮೂಲ ಹೆಸರನ್ನು ಹಾಗೇ ಬಿಡಿ.