ಹಿಂದಿನ ಓಣಿಯ ಕೋಣೆ

ಧಾರವಾಡದ ನಮ್ಮ ಮುದ್ರಣಾಲಯಕ್ಕೆ 1998ರಲ್ಲಿ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಸೀಸದ ಅಚ್ಚುಮೊಳೆ ಜೋಡಿಸುವ ಕೋಣೆಯ ಮೂಲೆಯಲ್ಲೇ ಇಟ್ಟೆ. ಆರು ತಿಂಗಳು ದೂಳು ತಿಂದಿತು. ಆ ಮೊಳೆ ಜೋಡಿಸುವ ನಮ್ಮ ಹನ್ನೊಂದು ಮಂದಿ ಕಂಪೋಸಿಟರ್‌ಗಳು ಅದಕ್ಕೆ ಅಡ್ಡಬಂದವರಲ್ಲ. ತೊಡಕಿದ್ದದ್ದು ನನ್ನ ಲೆಕ್ಕದಲ್ಲಿ. ಯಂತ್ರದ ಸಾಲದ ಬಡ್ಡಿಯನ್ನೆಲ್ಲ ಅದರ ಪುಟಗಳ ಮೇಲೆ ಹೇರಿ, ಎಂದೋ ಹಣ ತೀರಿಸಿದ್ದ ಸೀಸದ ಮೊಳೆಗಳ ಪುಟದ ಜೊತೆ ತೂಗುತ್ತಿದ್ದೆ. ಆ ತಕ್ಕಡಿಯಲ್ಲಿ ಹೊಸತು ಗೆಲ್ಲುವುದಾದರೂ ಹೇಗೆ?

ದೊಡ್ಡ ಗಿರಾಕಿಗಳಾದ ಪುಸ್ತಕ ಪ್ರಕಾಶಕರಿಗೂ ಅದು ಬೇಡವಾಗಿತ್ತು. ಕಂಪ್ಯೂಟರಿನ ಪುಟದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದವು. ಅವರ ದೂರು ನ್ಯಾಯವಾದದ್ದೇ. ಆದರೆ ಅವರ ಮಾತೊಂದನ್ನೇ ನೆಚ್ಚಿದ್ದರೆ ನಾವು ಮುಳುಗುತ್ತಿದ್ದೆವು.

ಹಿಂದಿನ ಓಣಿಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಕಂಪ್ಯೂಟರನ್ನು ಅಲ್ಲಿಗೆ ಸಾಗಿಸಿದೆ. ಇಬ್ಬರು ಯುವತಿಯರನ್ನು ನೇಮಿಸಿ, ಬೇರೆಯೇ ಲೆಕ್ಕದ ಪುಸ್ತಕ ತೆರೆದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ: ‘ಸಂಜೆಗೇ ಬೇಕು’ ಎನ್ನುವವರ ಕೆಲಸವಷ್ಟೇ ಅಲ್ಲಿಗೆ. ವರನ ಹೆಸರು ತಪ್ಪಾಗಿದ್ದರೆ ಗಿರಾಕಿ ನಿಂತಿರುವಾಗಲೇ ತಿದ್ದಬಹುದಿತ್ತು. ಅವರಿಗೆ ಅಕ್ಷರದ ಅಂದಕ್ಕಿಂತ ಆ ಸಂಜೆ ದೊಡ್ಡದು. ಎರಡು ವರ್ಷದಲ್ಲಿ ಕೋಣೆ ತನ್ನ ಖರ್ಚನ್ನು ತಾನೇ ದುಡಿಯಿತು.

ಆ ಎರಡು ವರ್ಷ ಹಳಬರನ್ನು ಅಲ್ಲಿಗೆ ಕರೆಯದೆ ಇದ್ದದ್ದು ನನ್ನ ತಪ್ಪು. ಆಫ್‌ಸೆಟ್ ಪ್ಲೇಟಿಗಾಗಿ ಬಟರ್ ಪೇಪರಿನ ಮೇಲೆ ಪುಟವನ್ನು ಕನ್ನಡಿಬಿಂಬದಂತೆ ತಿರುವುಮುರುವಾಗಿ ತೆಗೆಯುತ್ತಿದ್ದೆವು. ಒಂದು ದಿನ ನಮ್ಮ ಹಿರಿಯ ಕಂಪೋಸಿಟರ್ ಯಾವುದೋ ಚೀಟಿ ಕೊಡಲು ಬಂದವರು ಆ ಹಾಳೆಯನ್ನು ಕೈಗೆತ್ತಿಕೊಂಡು ಸರಾಗವಾಗಿ ಓದತೊಡಗಿದರು. ಮೊಳೆಯ ಮೇಲೆ ಅಕ್ಷರ ಇರುವುದೇ ಹಾಗೆ. ಮೂವತ್ತು ವರ್ಷ ಅವರು ಓದಿದ್ದೂ ಹಾಗೆಯೇ. ನಾಲ್ಕನೆಯ ಸಾಲಿನಲ್ಲಿ ಬೆರಳಿಟ್ಟು, ‘ಇಲ್ಲಿ ಒತ್ತು ಬಿಟ್ಟುಹೋಗಿದೆ. ಸಾಲುಗಳ ನಡುವೆ ಇನ್ನೊಂದು ಲೆಡ್ ಹಾಕಿ, ಗುಡಿಸಿಗೆ ತಾಗುವುದಿಲ್ಲ’ ಎಂದರು. ಲೆಡ್ ಎಂದರೆ ಸಾಲುಗಳ ನಡುವೆ ಇಡುವ ಸೀಸದ ಪಟ್ಟಿ. ಪರದೆಯ ಮೇಲೆ ಅದೇ ಅಂತರವನ್ನು ಹೆಚ್ಚಿಸಿದೆವು. ಪ್ರಕಾಶಕರ ದೂರಿನ ಅರ್ಧ ಅಲ್ಲಿಗೇ ಕರಗಿತು.

ಮರುದಿನವೇ ಅವರ ಮೇಜನ್ನು ಆ ಕೋಣೆಗೆ ಸಾಗಿಸಿದೆ. ಮುಂದೆ ಇನ್ನೂ ಐವರು ಬಂದರು. ಇಬ್ಬರು ವಯಸ್ಸಾಗಿ ನಿವೃತ್ತರಾದರು. ಮೂವರು ನಾನು ಕರೆಯುವ ಮೊದಲೇ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು. ಅದು ಇಂದಿಗೂ ಚುಚ್ಚುತ್ತದೆ.

ಕನ್ನಡ ಟೈಪಿಸುವ ನುಡಿ ತಂತ್ರಾಂಶ ಬಂದ ಮೇಲೆ ಆ ಹಿರಿಯರು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನೂ ಕಲಿತರು. ‘ಕ’, ನಂತರ ಎಫ್ ಕೀಲಿ, ಮತ್ತೆ ‘ಕ’ ಒತ್ತಿ, ಪರದೆಯ ಮೇಲೆ ‘ಕ್ಕ’ ಮೂಡುವುದನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ‘ಒತ್ತಿಗೆ ಮೊಳೆಪೆಟ್ಟಿಗೆಯ ಬೇರೆ ಖಾನೆ ಹುಡುಕಬೇಕಾಗಿಲ್ಲ’ ಎಂದು ಮತ್ತೊಮ್ಮೆ ಒತ್ತಿದರು.